ಸ್ಪ್ಯಾನಿಷ್ ಸಫ್ದರ್

ಸಫ್ದರನಿಗೆ ಸ್ಪ್ಯಾನಿಷ್ ಕಲಿಯುವ ಹುಚ್ಚು ಹಿಡಿಸಿದ್ದು ಚಗಳಿ ಇರುವೆ. ಗೋಣಿಬೀಡಿನ ಹತ್ತಿರದ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದ ಅವನು ಕಾಫಿ ಕೊಯ್ಲು ನೋಡಿಕೊಳ್ಳಲು ದಿನವೂ ಗುಡ್ಡ ಹತ್ತಬೇಕು. ಗಿಡದಿಂದ ಉದುರಿದ ಚಗಳಿ ಕಾಲರಿನೊಳಗೆ ಇಳಿಯಬೇಕು, ಇವನು ಕುಣಿಯಬೇಕು, ಕೊಯ್ಲಿನ ಹೆಂಗಸರು ನಗಬೇಕು. ಹೀಗಿರುವಾಗ ಒಂದು ಬೆಳಿಗ್ಗೆ ಎಸ್ಟೇಟಿನ ಒಡತಿ ರುಕ್ಮಿಣಮ್ಮನವರು ಅವನನ್ನು ಕರೆದರು.

"ಸಂಜೆ ಸ್ಪೇನಿಂದ ಕಾಫಿ ಕೊಳ್ಳೋರು ಬರ್ತಾರೆ ಸಫ್ದರ್. ಇಂಥ ಅತಿಥಿಗಳನ್ನ ನೋಡ್ಕೊಳ್ಳೋಕೆ ಬಂಗ್ಲೆಗೊಬ್ಬ ಮ್ಯಾನೇಜರ್ ಬೇಕು. ನಿಮ್ಮ ಬಗ್ಗೆ ಅವ್ರ ಭಾಷೇಲಿ ನಾಲ್ಕು ಮಾತು ಹೇಳಿ ಮೆಚ್ಚಿಸಿ. ಆ ಕೆಲಸ ನಿಮ್ದೇ."

ಬಂಗಲೆ ಎಂದರೆ ಕುರ್ಚಿ, ಫ್ಯಾನು, ಕೂತಲ್ಲಿಗೇ ಕಾಫಿ. ಸಫ್ದರ್ ಫೋನು ಹಿಡಿದು ಅಡುಗೆಮನೆಯ ಹಿಂದೆ ಕೂತ. ಕನ್ನಡದಲ್ಲಿ ಹೇಳಿದ್ದನ್ನು ಫೋನು ಸ್ಪ್ಯಾನಿಷ್‌ನಲ್ಲಿ ಒಪ್ಪಿಸುತ್ತಿತ್ತು. "ಮೆ ಯಾಮೊ ಸಫ್ದರ್. ಸೊಯ್ ದೆ ಗೋಣಿಬೀಡು," ಎಂದು ಗಿಣಿಪಾಠ ಶುರುವಾಯಿತು.

"ಅದೇನ್ರೀ ರೈಟ್ರೇ?" ಎಂದಳು ಅಡುಗೆಯ ಸಿದ್ದಗಂಗಮ್ಮ.

"ನನ್ನ ಹೆಸ್ರು ಸಫ್ದರ್, ನಮ್ಮೂರು ಗೋಣಿಬೀಡು ಅಂತ."

"ಅಷ್ಟೇನಾ? ಹೆಣ್ಣು ನೋಡೋಕೆ ಹೋದ್ರೂ ಇದಕ್ಕಿಂತ ಜಾಸ್ತಿ ಹೇಳ್ಬೇಕು. ಕೋಳಿ ಕೂಗೋ ಮುಂಚೆ ಏಳ್ತೀನಿ ಅನ್ನಿ."

"ನಾನೆಲ್ಲಿ ಏಳ್ತೀನಿ?"

"ಸ್ಪ್ಯಾನಿಷ್‌ನಲ್ಲಿ ಏಳಿ! ಇಲ್ಲಿ ಯಾರಿಗೆ ಗೊತ್ತಾಗುತ್ತೆ?"

ಜೀಪು ತೊಳೆಯುತ್ತಿದ್ದ ಡ್ರೈವರ್ ತಯ್ಯಬ್ ಬಕೆಟ್ ಬಿಟ್ಟು ಓಡಿಬಂದ. "ಗುಡ್ಡ ಅಂದ್ರೆ ನಂಗೆ ಪ್ರಾಣ ಅನ್ನು ಮಾರಾಯ. ಚಗಳಿ ಕಚ್ಚಿದ್ರೆ ಅಮ್ಮ ಮುದ್ದು ಮಾಡ್ದಂಗಾಗುತ್ತೆ ಅನ್ನು!"

ಸಫ್ದರನಿಗೆ ಅಳುಕಾಯಿತು. ಫೋನು ಮಾತ್ರ ಮುಖ ಗಂಟಿಕ್ಕದೆ ಎಲ್ಲವನ್ನೂ ಅನುವಾದಿಸಿತು. ಮಧ್ಯಾಹ್ನದ ಹೊತ್ತಿಗೆ ಸ್ಪ್ಯಾನಿಷ್ ಸಫ್ದರ್ ಕನ್ನಡದ ಸಫ್ದರನಿಗಿಂತ ಎಷ್ಟೋ ಒಳ್ಳೆಯ ಮನುಷ್ಯನಾಗಿದ್ದ. ಅವನ ಮೇಲೆ ಇವನಿಗೇ ಗೌರವ ಹುಟ್ಟಿತು.

ಸಂಜೆ ಇಸಾಬೆಲ್ ಎಂಬ ಹೆಂಗಸು ಬಂದಿಳಿದಳು. ಸಫ್ದರ್ ಎದೆಯ ಮೇಲೆ ಕೈಯಿಟ್ಟು ಶುರುಮಾಡಿದ. ಏಳುವುದನ್ನು ಮರೆತಾಗ ಸಿದ್ದಗಂಗಮ್ಮ ಕಿಟಕಿಯಲ್ಲಿ ಕೋಳಿಯಂತೆ ಕತ್ತು ಎತ್ತಿದಳು. ಚಗಳಿಯನ್ನು ಮರೆತಾಗ ಹಿಂದೆ ನಿಂತಿದ್ದ ತಯ್ಯಬ್ ಕುತ್ತಿಗೆ ಚಿವುಟಿದ. ನೋವಿಗೆ ಸಫ್ದರನ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡು ಇಸಾಬೆಲ್‌ಳ ಕಣ್ಣೂ ತುಂಬಿತು. ಅವಳು ರುಕ್ಮಿಣಮ್ಮನವರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದಳು.

"ಗೆದ್ಬಿಟ್ರಿ ಸಫ್ದರ್!" ಎಂದರು ರುಕ್ಮಿಣಮ್ಮನವರು. "ನಮ್ಮ ಕಾಫಿನೇ ಕೊಳ್ತಾರಂತೆ. ಇಂಥ ಮನುಷ್ಯ ನಮ್ಮ ತೋಟದಲ್ಲಿದ್ದಾರೆ ಅಂತ ನಂಗೇ ಗೊತ್ತಿರ್ಲಿಲ್ಲ!"

"ಹಾಗಾದ್ರೆ ಬಂಗ್ಲೆ ಕೆಲಸ, ಅಮ್ಮಾವ್ರೇ?"

"ಛೇ ಛೇ! ಗುಡ್ಡಕ್ಕೆ ಪ್ರಾಣ ಬಿಡೋರನ್ನ ಕುರ್ಚಿಗೆ ಕಟ್ಟಿಹಾಕ್ತೀವಾ? ನೀವೇ ನಿಂತು ಕೊಯ್ಸಿದ ಕಾಫಿ ಮಾತ್ರ ಬೇಕಂತೆ ಅವ್ರಿಗೆ. ನಾಳೆಯಿಂದ ಮೇಲಿನ ಗುಡ್ಡದ ಕೊಯ್ಲೂ ನಿಮ್ಗೇ. ಬಂಗ್ಲೆಗೆ ಬಾಯ್ಮುಚ್ಕೊಂಡು ನಿಂತಿರೋ ತಯ್ಯಬ್ ಸಾಕು."

ಏನಾದರಾಗಲಿ, ನಿಜ ಹೇಳಿಬಿಡೋಣವೆಂದು ಸಫ್ದರ್ ಇಸಾಬೆಲ್‌ಳ ಮುಂದೆ ನಿಂತು ಬಾಯಿ ತೆರೆದ. ಸ್ಪ್ಯಾನಿಷ್‌ನಲ್ಲಿ ಬಾಯಿಗೆ ಬಂದದ್ದು ಉರು ಹೊಡೆದದ್ದೊಂದೇ.

ಇಸಾಬೆಲ್ ಪೂರ್ತಿ ಕೇಳಿ ಚಪ್ಪಾಳೆ ತಟ್ಟಿದಳು.