ಹುಣಸೆಹಣ್ಣು ಕಂಡ ಟ್ಯಾಂಕು

ಸಣ್ಣ ವಸ್ತುಗಳ ವಿಷಯದಲ್ಲಿ ನನ್ನಷ್ಟು ದೊಡ್ಡ ಮನುಷ್ಯ ಮದ್ದೂರು ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ಬಹಳ ವರ್ಷಗಳಿಂದ ನಂಬಿದ್ದೇನೆ. ಜಂಬ ಎಂದರೆ ಜಂಬವೇ, ಇಲ್ಲ ಎನ್ನುವುದಿಲ್ಲ. ಹಗಲು ಭಾರತೀನಗರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಹೇಳುತ್ತೇನೆ. ಸಂಜೆ ಕಬ್ಬಿನ ಲಾರಿಗಳ ಹಿಂದೆ ತೆವಳುತ್ತ ಮದ್ದೂರಿನ ಮನೆಗೆ ಬಂದು, ಕೈಕಾಲು ತೊಳೆದು, ಟ್ಯಾಂಕು ಕಟ್ಟಲು ಕೂರುತ್ತೇನೆ. ಹೀಗೆಂದರೆ ನಮ್ಮ ಕಡೆ ಎಲ್ಲರೂ ಕೇಳುವುದು ಎಷ್ಟು ಲೀಟರಿನದು ಎಂದೇ. ನನ್ನದು ನೀರಿನ ಟ್ಯಾಂಕಲ್ಲ, ಯುದ್ಧದ ಟ್ಯಾಂಕು. ಅಸಲಿಯ ಮೂವತ್ತೈದರಲ್ಲಿ ಒಂದು ಪಾಲು, ಗೇಣುದ್ದ, ಪ್ಲಾಸ್ಟಿಕ್ಕಿನದು.

ಡಬ್ಬಿಯಲ್ಲಿ ಬರುವ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಯಾರು ಬೇಕಾದರೂ ಅಂಟಿಸಬಹುದು. ನನ್ನ ಹೆಚ್ಚುಗಾರಿಕೆ ಇರುವುದು ಹಿತ್ತಾಳೆಯಲ್ಲಿ. ಕಾಗದದಷ್ಟು ತೆಳ್ಳಗಿನ ಹಿತ್ತಾಳೆ ತಗಡಿನ ಮೇಲೆ ಬೆಳಕಿನಿಂದ ಚಿತ್ರ ಮೂಡಿಸಿ, ಬೇಡದ್ದನ್ನೆಲ್ಲ ಆಸಿಡ್ಡಿಗೆ ತಿನ್ನಿಸಿ, ಟ್ಯಾಂಕಿನ ಜಾಲರಿ, ಕೊಂಡಿ, ಚಿಲಕ, ದೀಪಕ್ಕೆ ಅಡ್ಡ ಕಟ್ಟುವ ಕಂಬಿ ಇಷ್ಟನ್ನು ಮಾತ್ರ ಉಳಿಸಿರುತ್ತಾರೆ. ಆ ತಗಡನ್ನು ತರಿಸಿ, ಒಂದೊಂದನ್ನೇ ಕತ್ತರಿಸಿ, ಬಗ್ಗಿಸಿ, ಚಿಮಟದಲ್ಲಿ ಹಿಡಿದು ಕೂರಿಸಬೇಕು. ಸಾಸಿವೆಗಿಂತ ಚಿಕ್ಕ ಚಿಲಕವೊಂದು ಚಿಮಟದಿಂದ ಚಿಮ್ಮಿತೆಂದರೆ ನೆಲಕ್ಕೆ ಕೆನ್ನೆ ಹಚ್ಚಿ, ಟಾರ್ಚು ಬಿಟ್ಟು ಹುಡುಕಬೇಕು. ಒಮ್ಮೆ ನಾನು ಹಾಗೆ ಬಿದ್ದುಕೊಂಡಿದ್ದಾಗ ಗ್ಯಾಸ್ ಸಿಲಿಂಡರ್ ತಂದವನು ನಮ್ಮ ಅವ್ವನ ಹತ್ತಿರ ಮೆಲ್ಲಗೆ, "ಮೇಷ್ಟ್ರು ಬಿದ್ಬುಟ್ಟವ್ರಾ?" ಎಂದು ಕೇಳಿದ. ಅವ್ವ ಸೊಪ್ಪು ಬಿಡಿಸುತ್ತಿದ್ದವಳು ತಲೆಯನ್ನೂ ಎತ್ತದೆ, "ಇಲ್ಲ ಕಣಪ್ಪ, ಕೆಲ್ಸ ಮಾಡ್ತಾವ್ನೆ" ಎಂದಳು.

ಈ ಕೀರ್ತಿ ಹೇಗೋ ಮಳವಳ್ಳಿಯವರೆಗೂ ಹರಡಿ, ಅಲ್ಲಿಂದ ನಿಂಗಣ್ಣನವರು ಹುಡುಕಿಕೊಂಡು ಬಂದರು. ಸೈನ್ಯದಲ್ಲಿ ಟ್ಯಾಂಕು ಓಡಿಸಿ, ಹವಾಲ್ದಾರರಾಗಿ ನಿವೃತ್ತರಾದವರು. ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ ವಿಷಯಕ್ಕೆ ಬಂದರು. "ಆಟೋ ಇರೋನು ಆಟೋಗೆ ಪೂಜೆ ಮಾಡ್ತಾನೆ, ಟ್ರ್ಯಾಕ್ಟ್ರು ಇರೋನು ಟ್ರ್ಯಾಕ್ಟ್ರುಗೆ ಮಾಡ್ತಾನೆ. ನಾನು ಟ್ಯಾಂಕ್ ಓಡ್ಸ್‌ದೋನು ಮೇಷ್ಟ್ರೇ. ರಿಟೈರಾದ್ಮೇಲೆ ಆಯ್ದಪೂಜೆ ದಿನ ಸೈಕಲ್ ಮುಂದೆ ನಿಂತ್ಕಂಡು ಅದೇನ್ ಪೂಜೆ ಅಂತ ಮಾಡ್ಲಿ? ನನ್ ಗಾಡಿ ಎಂಗಿತ್ತೋ ಅಂಗೇ ಒಂದ್ ಮಾಡ್ಕೊಡಿ." ಆಯುಧಪೂಜೆಯ ಬೆಳಿಗ್ಗೆ ಬನ್ನಿ, ನಿಮ್ಮ ಟ್ಯಾಂಕು ನಿಮ್ಮ ಕೈಗೆ, ಎಂದು ಮಾತು ಕೊಟ್ಟೆ.

ಮೂರು ತಿಂಗಳು ದುಡಿದೆ. ಹಿತ್ತಾಳೆಯ ನೂರಾರು ಚೂರು ಕೂರಿಸಿ, ಬಣ್ಣ ಬಳಿದೆ. ಆಮೇಲೆ ಈ ಕಲೆಯ ಕೊನೆಯ ಹಂತ, ರಣರಂಗದಿಂದ ಈಗಷ್ಟೇ ಬಂದಂತೆ ಕಾಣಲೆಂದು ಕೊಳೆ ಮಾಡುವುದು. ಚಕ್ರಕ್ಕೆ ಕೆಸರು, ಅಂಚಿಗೆ ತುಕ್ಕು, ಕೀಲುಗಳಿಗೆ ಎಣ್ಣೆ ಜಿಡ್ಡು, ಎಲ್ಲವನ್ನೂ ಕೂದಲೆಳೆಯ ಕುಂಚದಲ್ಲಿ ಬರೆಯಬೇಕು. ಕೊಳೆಗೇ ಹದಿನೈದು ದಿನ ಹಿಡಿಯಿತು. ಹಬ್ಬದ ಮುನ್ನಾದಿನ ಅವ್ವನನ್ನು ಕರೆದು ತೋರಿಸಿ, "ನೋಡವ್ವ, ಈ ಚೂರುಪಾರೆಲ್ಲ ಅಪ್ಪಟ ಹಿತ್ತಾಳೆ" ಎಂದು ಎದೆಯುಬ್ಬಿಸಿ ಹೇಳಿದೆ. ಅವ್ವ ಕನ್ನಡಕ ಏರಿಸಿ ನೋಡಿ, "ಊಂ" ಎಂದಳು. ಆ ಊಂಕಾರದ ಅರ್ಥ ನನಗೆ ಆಗಲೇ ಹೊಳೆಯಬೇಕಿತ್ತು.

ಮರುದಿನ ಬೆಳಿಗ್ಗೆ ನಾನು ಹೂವು ತರಲು ಹೋಗಿ ಬರುವಷ್ಟರಲ್ಲಿ ಟ್ಯಾಂಕು ಹಿತ್ತಿಲ ಕಲ್ಲಿನ ಮೇಲೆ ಒದ್ದೆಯಾಗಿ ಕೂತಿತ್ತು. ಕೆಸರಿಲ್ಲ, ತುಕ್ಕಿಲ್ಲ, ಜಿಡ್ಡಿಲ್ಲ. ಹಿತ್ತಾಳೆಯ ಮೇಲಿನ ಹಸಿರು ಬಣ್ಣ ಕಿತ್ತುಹೋಗಿ ಕೊಂಡಿಗಳೆಲ್ಲ ಚಿನ್ನದಂತೆ ಹೊಳೆಯುತ್ತಿದ್ದವು. ಪಿರಂಗಿಗೆ ಆಗಲೇ ಅರಿಸಿನ ಕುಂಕುಮ ಬಿದ್ದಿತ್ತು. "ಅವ್ವಾ!" ಎಂದು ಕಿರುಚಿದೆ.

"ಯಾಕ್ಲಾ ಅಂಗ್ ಬಡ್ಕತೀಯ? ಪೂಜೆಗೆ ಓಗೋ ಗಾಡಿ ಕಣ್ಲಾ. ಅಷ್ಟೊಂದು ಕೊಳೆ ಅಂಗೇ ಬುಟ್ಟಿದ್ದೀಯಲ್ಲ, ನೋಡ್ದೋರು ಏನಂದಾರು? ಇತ್ತಾಳೆ ಅಂತ ನೀನೇ ಯೋಳ್ದೆ. ಉಣ್ಸೆಣ್ಣು ಆಕಿ, ತೆಂಗಿನ್ ನಾರಲ್ಲಿ ಉಜ್ದೆ. ಉದುರಿದ್ದೆಲ್ಲ ಬಟ್ಲಲ್ಲಿ ಮಡಗಿವ್ನಿ, ತಕೋ."

ಬಟ್ಟಲಲ್ಲಿ ಹುಣಸೆ ನಾರು, ಎರಡು ಬೀಜ, ನನ್ನ ಏಳು ಚಿಲಕ. ಉಳಿದವು ಬಚ್ಚಲ ಪಾಲು. ಒಂದು ಆಸಿಡ್ಡು ಕೊರೆದು ಕೊಟ್ಟದ್ದನ್ನು ಇನ್ನೊಂದು ಆಸಿಡ್ಡು ತೊಳೆದುಕೊಂಡು ಹೋಗಿತ್ತು. ಇಷ್ಟು ವರ್ಷ ಪಾಠ ಹೇಳಿದವನಿಗೆ ಅದು ಮನೆಯಲ್ಲೇ ಅರ್ಥವಾಯಿತು. ಅಳುವುದೊಂದು ಬಾಕಿ. ಅಷ್ಟರಲ್ಲಿ ಬಾಗಿಲಲ್ಲಿ ನಿಂಗಣ್ಣನವರು, ಬಿಳಿ ಅಂಗಿ ತೊಟ್ಟು, ಬಿಳಿ ಪಂಚೆ ಉಟ್ಟು, ಕೈಯಲ್ಲಿ ನಿಂಬೆಹಣ್ಣು ಹಿಡಿದು ನಿಂತಿದ್ದರು.

ಟ್ಯಾಂಕನ್ನು ಅವರ ಮುಂದಿಟ್ಟೆ. ಅವರು ಕೂರಲಿಲ್ಲ. ಬಗ್ಗಿ ಸುತ್ತ ನೋಡಿದರು. ನನ್ನ ಜಾಲರಿಯನ್ನಾಗಲಿ, ಇಲ್ಲದ ಚಿಲಕಗಳನ್ನಾಗಲಿ ಅವರ ಕಣ್ಣು ಹುಡುಕಲೇ ಇಲ್ಲ. ಮುಂಭಾಗದ ಒಂದು ದುಂಡು ಮುಚ್ಚಳದ ಮೇಲೆ ಬೆರಳಿಟ್ಟು, "ಇಲ್ಲೇ ಕೂರ್ತಿದ್ದೆ" ಎಂದರು. ಡಬ್ಬಿಯಲ್ಲೇ ಬಂದ ಪ್ಲಾಸ್ಟಿಕ್ ಮುಚ್ಚಳ, ನಾನು ಅದಕ್ಕೆ ಐದು ನಿಮಿಷವನ್ನೂ ಕೊಟ್ಟಿರಲಿಲ್ಲ. ಅವರು ಪಂಚೆಯ ಅಂಚಿನಲ್ಲಿ ಕಣ್ಣೊರೆಸಿಕೊಂಡರು. "ಮಣ್ಣು ಮೆತ್ಕಂಡಿರೋ ಟ್ಯಾಂಕ್‌ನ ಪೂಜೆಗೆ ನಿಲ್ಸಿದ್ರೆ ನಮ್ ಸಾಯೇಬ್ರು ಮೈದಾನ ಸುತ್ತಿಸ್ತಿದ್ರು. ಸಂದುಸಂದೂ ಬುಡ್ದೆ ತಿಕ್ತಿದ್ವಿ. ಅವತ್ತೂ ಸರಿಯಾಗಿ ಇಂಗೇ ಒಳೀತಿತ್ತು. ಯಾರು ಮೇಷ್ಟ್ರೇ ಇಷ್ಟ್ ಚೆನ್ನಾಗಿ ತೊಳ್ದೋರು?"

"ನಾನೇ" ಎಂದೆ.

ಅವ್ವ ಒಂದು ಕ್ಷಣ ನನ್ನ ಮುಖ ನೋಡಿದಳು. "ಊಂ ಕಣಪ್ಪ, ಅವ್ನೇ ತೊಳ್ದ" ಎಂದು ಅವರಿಗೆ ಹೇಳಿ, ನನ್ನತ್ತ ತಿರುಗಿ, "ಇತ್ಲಲ್ಲಿ ದೀಪದ್ ಕಂಬ, ಚೆಂಬು, ಅಂಡೆ ಎಲ್ಲಾ ಮಡಗಿವ್ನಿ. ಓಗು ಮಗ, ಅವುನ್ನೂ ತೊಳ್ದುಬುಡು" ಎಂದಳು.

ನಮ್ಮ ಮನೆಯ ಹಂಡೆ ಅಜ್ಜಿಯ ಕಾಲದ್ದು. ಒಳಗೆ ಉಜ್ಜಬೇಕಾದರೆ ತಲೆ, ಭುಜ ಎರಡನ್ನೂ ತೂರಿಸಬೇಕು. ಹಾಗೆ ತೂರಿಸಿಕೊಂಡು ತಿಕ್ಕುತ್ತಿದ್ದಾಗ ನಿಂಗಣ್ಣನವರ ದನಿ ಗುಂಯ್ ಎಂದು ಕೇಳಿಸಿತು. "ಇಂಥ ಮಗನ್ನ ಪಡ್ಯೋಕೆ ನೀನ್ ಪುಣ್ಯ ಮಾಡಿದ್ದೆ ಕಣವ್ವ."

"ಇರಲಿ ಬಿಡಿ" ಎಂದೆ, ಹಂಡೆಯೊಳಗಿನಿಂದಲೇ.