ದೊಡ್ಡಪ್ಪನ ಮುಖಕ್ಕೆ ಮೂರು ಸುತ್ತಿನ ಪಾಲಿಶ್

ಅಫಜಲಪುರದ ದಾಲ್ ಮಿಲ್ ಮಾಲೀಕ ದೊಡ್ಡಪ್ಪನಿಗೆ ಆ ಭಾನುವಾರ ಆದ ಅವಮಾನ ಶತ್ರುವಿಗೂ ಆಗಬಾರದು. ಮಗಳು ಜಯಮಾಲಾಳನ್ನು ನೋಡಲು ಜೇವರ್ಗಿಯಿಂದ ಗಂಡಿನ ಕಡೆಯವರು ಬಂದಿದ್ದರು. ಇಸ್ತ್ರಿಯ ಶರ್ಟು ತೊಟ್ಟು ಬಾಗಿಲಲ್ಲಿ ಕೈಮುಗಿದು ನಿಂತಿದ್ದ ದೊಡ್ಡಪ್ಪನನ್ನು ಕಂಡಕೂಡಲೇ ಹುಡುಗನ ತಂದೆ ಅನೀಲಕುಮಾರ ಚಪ್ಪಲಿ ಬಿಟ್ಟು, ಸೊಂಟ ಬಗ್ಗಿಸಿ, ಅವನ ಎರಡೂ ಪಾದ ಮುಟ್ಟಿ ನಮಸ್ಕಾರ ಮಾಡಿಬಿಟ್ಟ.

"ಹುಡುಗಿ ಅಜ್ಜಾರಲ್ಲೇನ್ರಿ? ಹಿರ್ಯಾರ ಆಶೀರ್ವಾದ ಮೊದಲ ಬೇಕ್ರಿ."

ಇದಕ್ಕಿಂತ ಘೋರವಾದದ್ದು ಮುಂದಿನದು. ಕಾಲಿಗೆ ಬಿದ್ದವರನ್ನು ಹರಸುವ ರೂಢಿ ಕೈಗೆ ಹತ್ತಿದ್ದರಿಂದ ದೊಡ್ಡಪ್ಪ, "ನೂರು ವರ್ಷ ಬಾಳಪ್ಪಾ" ಎಂದು ಹರಸಿಯೂಬಿಟ್ಟ! ಆಮೇಲೆ ಚಹಾ ಕುಡಿಯುತ್ತ ಹುಟ್ಟಿದ ವರ್ಷಗಳ ಮಾತು ಬಂದಾಗ ಗೊತ್ತಾಯಿತು: ಬೀಗ ಇವನಿಗಿಂತ ಎರಡು ವರ್ಷ ದೊಡ್ಡವನು.

(ತಪ್ಪು ಪೂರ್ತಿ ಬೀಗನದೂ ಅಲ್ಲ. ತೊಟ್ಟಿಲಲ್ಲಿದ್ದಾಗಲೇ ಸ್ವಂತ ಅಜ್ಜಿಯೂ 'ಅಳಬ್ಯಾಡೋ ದೊಡ್ಡಪ್ಪಾ' ಎನ್ನುತ್ತಿದ್ದ ಜೀವ ಅದು. ಯೌವನ ಹತ್ತಿರ ಸುಳಿಯುವುದಕ್ಕೂ ಹೆದರಿತ್ತು.)

ಹುಡುಗ ಪರಮೇಶ ಹೈಸ್ಕೂಲ್ ಮಾಸ್ತರ. ಅವನಿಗೂ ಜಯಮಾಲಾಳಿಗೂ ಚಹಾದ ಕಪ್ಪು ಕೈಯಿಂದ ಕೈಗೆ ಹೋಗುವುದರೊಳಗೇ ಒಪ್ಪಿಗೆಯಾಗಿತ್ತು. ಮುಂದಿನ ಸೋಮವಾರ ದೊಡ್ಡಪ್ಪನ ಮನೆಯಲ್ಲೇ ನಿಶ್ಚಯ ಎಂದು ಮಾತಾಯಿತು. ಎಲ್ಲರೂ ನಕ್ಕರು, ಸಕ್ಕರೆ ಹಂಚಿದರು. ದೊಡ್ಡಪ್ಪನ ತಲೆಯಲ್ಲಿ ಮಾತ್ರ ಒಂದೇ ಚಿತ್ರ: ನಿಶ್ಚಯದ ಫೋಟೋದಲ್ಲಿ ಬೀಗನ ಪಕ್ಕದಲ್ಲಿ ತಾನು. ಬೀಗನ ಕೂದಲು ಕಪ್ಪು, ಮುಖ ಪಾಲಿಶ್ ಬೇಳೆಯಂತೆ ಫಳಫಳ. ತಾನೋ, ಮಿಲ್ಲಿಗೆ ಬಂದಿಳಿದ ಹಸಿ ತೊಗರಿ. ಎಂಟು ದಿನಗಳಲ್ಲಿ ಈ ಚರಿತ್ರೆ ಬದಲಾಗಲೇಬೇಕು.

ಬೀಗರ ಕ್ರೂಸರ್ ಗಾಡಿ ಓಣಿ ದಾಟುವ ಮೊದಲೇ ಅವನು ಕನ್ನಡಿಯ ಮುಂದೆ ನಿಂತ.

"ಏ ಕಸ್ತೂರಿ, ಖರೇ ಹೇಳು. ನಾ ಅಜ್ಜನಂಗ ಕಾಣ್ತೇನಿ?"

ಹೆಂಡತಿ ಕಸ್ತೂರಿಬಾಯಿ ಕಪ್ಪು ಬಸಿ ಎತ್ತಿಡುತ್ತ, "ಯಾರ ಅಜ್ಜನಂಗ ಅಂತ ಕೇಳ್ರಿ. ನಮ್ಮ ಅಜ್ಜನಂಗಂತೂ ಇಲ್ಲ. ಅಂವ ಕೊನೀತನಕ ಕೆಂಪಗ, ಗುಂಡಗ ಇದ್ದ" ಎಂದಳು.

ಜಯಮಾಲಾಳಿಗೆ ಅಪ್ಪನ ಮೇಲೆ ಕನಿಕರ ಬಂತು. ಕಲಬುರಗಿಯಲ್ಲಿ ಬಿ.ಫಾರ್ಮ್ ಮುಗಿಸಿ ಬಂದ ಹುಡುಗಿ. ಔಷಧಿ, ಮುಲಾಮುಗಳ ವಿಷಯದಲ್ಲಿ ಮನೆಯಲ್ಲಿ ಅವಳದೇ ಕೊನೆಯ ಮಾತು.

"ಅಪ್ಪಾ, ನಿಮಗ ವಯಸ್ಸಾಗಿಲ್ಲ. ಮಾರಿ ಮ್ಯಾಲ ಸತ್ತ ಚರ್ಮ ಕುಂತದ, ಅಷ್ಟ."

"ಸತ್ತದ್ದು? ನನ್ನ ಮಾರಿ ಮ್ಯಾಲ? ಯಾವಾಗ ಸತ್ತಿತು? ನನಗ್ಯಾರೂ ಹೇಳಲೇ ಇಲ್ಲಲ್ಲ!"

"ಎಲ್ಲಾರದೂ ದಿನಾ ಸಾಯ್ತದ, ಅಪ್ಪಾ. ಅದನ್ನ ಹಗುರಕ ತಿಕ್ಕಿ ತಗದ್ರ ಒಳಗಿಂದ ಹೊಸಾ ಚರ್ಮ ಕಾಣ್ತದ. ಎಕ್ಸ್‌ಫೋಲಿಯೇಶನ್ ಅಂತಾರ."

"ಹೆಸರು ನೀ ಇಟ್ಕೋ. ಕೆಲಸ ಹೇಳು."

ಅವಳು ಒಂದು ಸಣ್ಣ ಟ್ಯೂಬು ಕೊಟ್ಟು ವಿಧಿವತ್ತಾಗಿ ಉಪದೇಶ ಮಾಡಿದಳು. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಮುಖ ತೊಳೆಯಬೇಕು. ಬಟಾಣಿ ಕಾಳಿನಷ್ಟು ಸ್ಕ್ರಬ್ ತೆಗೆದುಕೊಂಡು ಬೆರಳ ತುದಿಯಿಂದ ದುಂಡಗೆ ಅರ್ಧ ನಿಮಿಷ ಸವರಬೇಕು, ತೊಳೆದು ಕ್ರೀಮು ಹಚ್ಚಬೇಕು. ವಾರಕ್ಕೆ ಒಂದೇ ಸಲ. ಮತ್ತೆ, ತಿಕ್ಕಿದ ಮುಖ ತೆಗೆದುಕೊಂಡು ಬಿಸಿಲಿಗೆ ಮಾತ್ರ ಹೋಗಬಾರದು.

ದೊಡ್ಡಪ್ಪ ಅರ್ಧ ಕಿವಿಯಿಂದ ಕೇಳಿದ. ಉಳಿದ ಕಿವಿ ಆಗಲೇ ಮಿಲ್ಲಿಗೆ ಹೋಗಿತ್ತು. ಮೇಲಿನ ಸಿಪ್ಪೆ ತೆಗೆದು ಒಳಗಿನ ಹೊಳಪು ಹೊರಗೆ ತರುವುದು! ಇದನ್ನೇ ತಾನೆ ಅವನು ಮೂವತ್ತು ವರ್ಷ ಮಾಡಿಕೊಂಡು ಬಂದದ್ದು? ಅದನ್ನು ಅವನಿಗೆ ಈ ಟ್ಯೂಬಿನವರು ಕಲಿಸಬೇಕೇ?

ಆದರೂ ಮಗಳ ಮಾತಿಗೆ ಬೆಲೆ ಕೊಟ್ಟು ಶುರು ಮಾಡಿದ. ಬಟಾಣಿಯಷ್ಟು ಎನ್ನುವುದೊಂದು ಅವನ ಮನಸ್ಸಿಗೆ ಒಗ್ಗಲಿಲ್ಲ. ಕ್ವಿಂಟಲ್‌ಗಟ್ಟಲೆ ಮಾಲು ನೋಡಿದ ಕಣ್ಣಿಗೆ ಒಂದು ಕಾಳು ಯಾವ ಲೆಕ್ಕ? ವಾರಕ್ಕೊಮ್ಮೆ ಎಂದದ್ದು ಹೊತ್ತಿಗೊಮ್ಮೆ ಆಯಿತು. ಬುಧವಾರದ ಹೊತ್ತಿಗೆ ಟ್ಯೂಬು ಖಾಲಿ. ಕನ್ನಡಿಯಲ್ಲಿ ಅದೇ ಹಸಿ ತೊಗರಿ.

"ಹೆಣ್ಣುಮಕ್ಕಳ ಆಟ ಇದು" ಎಂದು ದೊಡ್ಡಪ್ಪ ಟ್ಯೂಬನ್ನು ಕಸದ ಬುಟ್ಟಿಗೆ ಎಸೆದ. "ಬೆರಳ ತುದೀಲೆ ತೀಡಿದ್ರ ತೊಗರಿ ಬೇಳಿ ಆಗ್ತದೇನು?"

ತೊಗರಿಯ ಶಾಸ್ತ್ರ ಅವನಿಗೆ ಬಾಯಿಪಾಠ. ಕಾಳಿಗೆ ಎಣ್ಣೆ ಸವರಿ ಮುಚ್ಚಿಡಬೇಕು. ಬಿಸಿಲಿಗೆ ಹರವಿ ಒಣಗಿಸಬೇಕು. ಆಗ ಸಿಪ್ಪೆ ಸಡಿಲಾಗುತ್ತದೆ. ನಂತರ ಗಡಸು ಉರುಳೆಗೆ ಕೊಟ್ಟರೆ ಎಂಥ ಹಟಮಾರಿ ಸಿಪ್ಪೆಯೂ ಶರಣು. ಮೂರು ಸುತ್ತು ತಿರುಗಿಸಿದರೆ ಬೇಳೆಯಲ್ಲಿ ಮುಖ ನೋಡಿಕೊಳ್ಳಬಹುದು. ಇಲ್ಲಿ ಮುಖವನ್ನೇ ಬೇಳೆ ಮಾಡುವುದು, ಅಷ್ಟೇ ವ್ಯತ್ಯಾಸ.

ಶುಕ್ರವಾರ ಕುಸುಬಿ ಎಣ್ಣೆ ಮೆತ್ತಿಕೊಂಡು, ತಲೆಯಿಂದ ಗದ್ದದವರೆಗೆ ಟವೆಲ್ ಸುತ್ತಿ, ಕಾಳಿನ ಚೀಲಗಳ ಕೋಣೆಯಲ್ಲಿ ಎರಡು ತಾಸು ಕೂತ. ಕಸ್ತೂರಿಬಾಯಿ ಇಣುಕಿ ನೋಡಿ, "ಹಲ್ಲು ಬ್ಯಾನಿ ಏನ್ರಿ?" ಎಂದಳು. ತಪಸ್ವಿಗಳು ಮಾತಾಡುವುದಿಲ್ಲ.

ಶನಿವಾರ ಹನ್ನೊಂದಕ್ಕೆ ಮಾಳಿಗೆ ಹತ್ತಿ ಚಾಪೆ ಹಾಸಿ ಮಲಗಿದ. ವೈಶಾಖದ ಬಿಸಿಲು, ನಾಯಿಗಳೂ ನೆರಳಿಗಾಗಿ ಜಗಳಾಡುತ್ತಿದ್ದ ಹೊತ್ತು. ಅರ್ಧ ತಾಸು ಬಲಗೆನ್ನೆ, ಅರ್ಧ ತಾಸು ಎಡಗೆನ್ನೆ, ನಡುವೆ ಹಣೆ. ಕಾಳನ್ನು ಹೊರಳಿಸಿದಂತೆ ತನ್ನನ್ನು ತಾನೇ ಹೊರಳಿಸಿಕೊಳ್ಳುತ್ತಿದ್ದ. ಪಕ್ಕದ ಮಾಳಿಗೆಗೆ ಹಪ್ಪಳ ಹರವಲು ಬಂದ ಮುಮತಾಜ ದಿಗಿಲುಬಿದ್ದು ನಿಂತಳು.

"ದೊಡ್ಡಪ್ಪ ಭಾಯಿ, ಆರಾಮ ಅದೀರಿಲ್ರಿ? ಬಿಸಲಾಗ ಏನ್ ಮಾಡಾಕತ್ತೀರಿ?"

"ಮಾರಿ ಒಣಗಸಾಕತ್ತೇನ್ರವ್ವಾ."

ಮುಮತಾಜ ಕ್ಷಣ ಯೋಚಿಸಿದಳು. ನೆರೆಮನೆಯವರ ಗುಟ್ಟು ಕೆದಕುವ ಸ್ವಭಾವ ಅವಳದಲ್ಲ. "ಹ್ಯಾಂಗೂ ಇಲ್ಲೇ ಇರ್ತೀರಿ. ನನ್ನ ಹಪ್ಪಳಾನೂ ಸ್ವಲ್ಪ ನೋಡಕೋರಿ. ಕಾಗಿ ಹೈರಾಣ ಮಾಡ್ಯಾವ" ಎಂದು ಹೇಳಿ ಇಳಿದುಹೋದಳು.

ಭಾನುವಾರ ಸಿಪ್ಪೆ ಬಿಡಿಸುವ ಮಹಾಕಾರ್ಯ. ಬಚ್ಚಲಿನ ಬಾಗಿಲು ಹಾಕಿಕೊಂಡ. ಮೊದಲ ಸುತ್ತು ಜೋಳದ ನುಚ್ಚು. ಎರಡನೆಯದು ನಿಂಬೆರಸದಲ್ಲಿ ಕಲಸಿದ ತೊಗರಿ ಹೊಟ್ಟು (ಎಮ್ಮೆಯ ಪಾಲಿನದು, ಅದು ಹಿತ್ತಲಿನಿಂದ ಆಕ್ಷೇಪಿಸುತ್ತಲೇ ಇತ್ತು). ಮೂರನೆಯ ಸುತ್ತಿಗೆ ಮಿಲ್ಲಿನ ಉರುಳೆಯಂಥದ್ದು ಏನಾದರೂ ಬೇಕಲ್ಲ ಎಂದು ಸುತ್ತ ನೋಡಿದವನಿಗೆ ಕಸ್ತೂರಿಬಾಯಿ ಹಿಮ್ಮಡಿ ತಿಕ್ಕುವ ಕಲ್ಲು ಕಂಡಿತು. ಒರಟು, ಗಟ್ಟಿ, ನಂಬಿಗಸ್ತ. ದೊಡ್ಡಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಕೆಲಸಕ್ಕೆ ಹಚ್ಚಿದ.

ಅವನು ಹೊರಗೆ ಬಂದಾಗ ಕಸ್ತೂರಿಬಾಯಿಯ ಕೈಯಿಂದ ತಂಬಿಗೆ ಬಿತ್ತು.

"ಅಯ್ಯ ನನ್ನ ಶಿವನ! ಯಾರು ಹೊಡದ್ರು?"

"ಯಾರ ಹೊಡೀತಾರ? ಹೊಳಪು ಬಂದದ. ನೋಡು."

"ಹೊಳಪಲ್ರೀ, ಅದು ಹಸಿ ಗಾಯ! ಏ ಜಯಮಾಲಾ, ಬಾ ಇಲ್ಲಿ, ನಿಮ್ಮಪ್ಪನ್ನ ನೋಡು!"

ಜಯಮಾಲಾ ಓಡಿಬಂದು ಹಣೆ ಚಚ್ಚಿಕೊಂಡಳು. "ಅಪ್ಪಾ, ಹಗುರಕ ಅಂತ ಎಷ್ಟು ಸಲ ಹೇಳಿದ್ನಿ! ಸತ್ತದ್ದು ತಗೀರಿ ಅಂದ್ರ ಬದುಕಿದ್ದೂ ತಗದೀರಲ್ಲ!"

"ಹೋಲ್‌ಸೇಲ್ ಮಂದೀಗೆ ಚಿಲ್ಲರೆ ತೂಕ ತಿಳಿಯೂದಿಲ್ಲವ್ವಾ" ಎಂದ ದೊಡ್ಡಪ್ಪ, ತುಟಿ ಅಲುಗಿದ್ದಕ್ಕೇ ಉರಿ ತಾಳದೆ "ಹಾ!" ಎಂದು ಗೋಡೆ ಹಿಡಿದುಕೊಂಡ.

ಮೊಸರು ಹಚ್ಚಿದರು, ಲೋಳೆಸರ ಹಚ್ಚಿದರು. ಸೋಮವಾರ ಬೆಳಗಾಗುವಷ್ಟರಲ್ಲಿ ಮುಖವೆಲ್ಲ ಕೆಂಪಾಗಿ ಊದಿ, ಸಣ್ಣ ಸಣ್ಣ ಬೊಕ್ಕೆ ಎದ್ದು, ಕಣ್ಣು ಎರಡು ಗೀರುಗಳಾಗಿದ್ದವು. ಹತ್ತು ಗಂಟೆಗೆ ಜೇವರ್ಗಿಯ ಕ್ರೂಸರ್‌ಗಳೆರಡು ಬಾಗಿಲಿಗೆ ಬಂದು ನಿಂತವು.

ಒಳಕೋಣೆಯಲ್ಲಿ ಅಡಗಿ ಕೂತರೆ ನಡೆಯುವಂತಿರಲಿಲ್ಲ. ಹೆಣ್ಣಿನ ತಂದೆಯಿಲ್ಲದೆ ಎಂಥ ನಿಶ್ಚಯ? ದೊಡ್ಡಪ್ಪ ರಣರಂಗಕ್ಕೆ ಹೊರಟ ವೀರನಂತೆ ಪಡಸಾಲೆಗೆ ಬಂದ. ನೂರು ಜನ ಒಮ್ಮೆಲೇ ಅವನತ್ತ ತಿರುಗಿದರು. ಗುಂಪಿನ ನಡುವೆ ಕೂತಿದ್ದ ಅನೀಲಕುಮಾರನ ತಾಯಿ, ಎಂಬತ್ತೈದರ ಗುರುಬಸಮ್ಮ, ಚಾಳೀಸು ಏರಿಸಿ ನೋಡಿದಳು. ಕೈಯಲ್ಲಿದ್ದ ಕೋಲನ್ನು ಪಕ್ಕಕ್ಕಿಟ್ಟು ಕೈಮುಗಿದಳು.

"ಯವ್ವಾ, ನನ ತಾಯಿ! ಅಮ್ಮ ಬಂದಾಳ!"

(ಮೈಮೇಲೆ ಬೊಕ್ಕೆ ಎದ್ದರೆ ಅದನ್ನು ರೋಗವೆನ್ನದೆ ದೇವಿಯೇ ಬಂದಳೆಂದು ನಮಸ್ಕರಿಸುವುದು ಅವಳ ಕಾಲದವರ ಪದ್ಧತಿ.)

ಹೆಂಗಸರು ತಲೆಮೇಲೆ ಸೆರಗೆಳೆದುಕೊಂಡರು. ಯಾರೋ ಬೇವಿನ ಸೊಪ್ಪಿಗೆ ಓಡಿದರು. ಅನೀಲಕುಮಾರ, ಆ ಪಾಲಿಶ್ ಮುಖದ ಅನೀಲಕುಮಾರ, ಕಣ್ಣುಮುಚ್ಚಿ ಭಕ್ತಿಯಿಂದ ತಲೆಬಾಗಿದ. ದೊಡ್ಡಪ್ಪನ ಎದೆಯೊಳಗೆ ಸಾವಿರ ಗಂಟೆ ಬಾರಿಸಿದವು. ಇಂಥ ಘನತೆಯನ್ನು ಯಾವ ಟ್ಯೂಬು ಕೊಟ್ಟೀತು? ನಿಜ ಹೇಳುವ ಅವಸರವೇನಿದೆ ಎನ್ನಿಸಿತು. ಇದ್ದ ಗೀರುಗಣ್ಣನ್ನೂ ಅರೆಮುಚ್ಚಿ, ಬಲಗೈಯನ್ನು ಮೆಲ್ಲಗೆ ಮೇಲೆತ್ತಿದ.

ಹಿಂದಿನಿಂದ ಕಸ್ತೂರಿಬಾಯಿ ಬೆನ್ನು ಚಿವುಟಿದಳು. "ಕೈ ಇಳಸ್ರಿ."

ಅಷ್ಟರಲ್ಲಿ ಗುರುಬಸಮ್ಮ ಎದ್ದು ನಿಂತಿದ್ದಳು. "ಅಮ್ಮ ಬಂದ ಮನ್ಯಾಗ ಶುಭಕಾರ್ಯ ಮಾಡಬಾರದು. ಏ ಅನೀಲ್ಯಾ, ಗಾಡಿ ತಿರುಗಸಂತ ಹೇಳು. ದೀಪಾವಳಿ ಮುಗೀಲಿ, ಆಮ್ಯಾಲ ನೋಡೂಣು."

ಪರಮೇಶ ಅರ್ಧ ಎದ್ದು, ಮತ್ತೆ ಕೂತ. ಒಳಬಾಗಿಲಲ್ಲಿ ಹಸಿರು ಸೀರೆಯ ಜಯಮಾಲಾ ಅಪ್ಪನನ್ನೇ ನೋಡುತ್ತಿದ್ದಳು. ದೀಪಾವಳಿಗೆ ಇನ್ನೂ ಆರು ತಿಂಗಳು. ಅಷ್ಟರಲ್ಲಿ ಮಾಸ್ತರನಿಗೆ ಇನ್ನೆಷ್ಟು ಮನೆಯ ಚಹಾ ಕುಡಿಸುತ್ತಾರೋ, ಯಾರಿಗೆ ಗೊತ್ತು! ದೊಡ್ಡಪ್ಪನ ದೇವತ್ವ ಸರ್ರನೆ ಇಳಿಯಿತು.

"ಆಯಿ," ಎಂದ, "ಅಮ್ಮ ಬಂದಿಲ್ರಿ."

"ಮತ್ತ?"

"ನಾನ... ತಿಕ್ಕೊಂಡೇನ್ರಿ."

"ಏನ್ ತಿಕ್ಕೊಂಡಿ?"

"ಮಾರಿ."

"ಯಾಕ?"

ದೊಡ್ಡಪ್ಪ ನೆಲ ನೋಡಿದ. ನೆಲ ಬಾಯಿ ತೆರೆಯಲಿಲ್ಲ. "ಬೀಗರಕಿಂತ ಸಣ್ಣಾಂವ ಕಾಣ್ಬೇಕಂತ."

ಎಣ್ಣೆ, ಬಿಸಿಲು, ಹೊಟ್ಟು, ಕಲ್ಲು, ಎಲ್ಲವನ್ನೂ ಒಪ್ಪಿಕೊಂಡ. ಗುರುಬಸಮ್ಮ ನಂಬಲಿಲ್ಲ. "ಸುಳ್ಳು! ಕಾರ್ಯ ನಿಂದರತದಂತ ಕತಿ ಕಟ್ಟಾಕತ್ತಾನ. ಬುದ್ಧಿ ಇದ್ದ ಯಾವ ಗಂಡಸು ಹಿಮ್ಮಡಿ ಕಲ್ಲಿಲೆ ಮಾರಿ ತಿಕ್ಕೊಂತಾನ?"

"ಬುದ್ಧಿ ವಿಷಯ ನೀವ ತಗದ್ರಿ, ಆಯಿ" ಎಂದಳು ಕಸ್ತೂರಿಬಾಯಿ. "ನಾ ಇಪ್ಪತ್ತಾರು ವರ್ಷದಿಂದ ಬಾಯಿ ಮುಚ್ಚಿಕೊಂಡೇನಿ."

ಹೆಂಗಸರ ನಡುವಿನಿಂದ ಮುಮತಾಜ ಎದ್ದಳು. "ಖರೇ ಅದರಿ, ಆಯಿ. ಶನಿವಾರ ಮೂರು ತಾಸು ಬಿಸಲಾಗ ಬಿದ್ದಿದ್ರು, ನಾ ನೋಡೇನಿ. ಅವತ್ತು ನನ್ನ ಹಪ್ಪಳಕ್ಕ ಒಂದು ಕಾಗೀನೂ ಬರಲಿಲ್ಲ."

ಎಲ್ಲೋ ಒಂದು ನಗೆ ಸಿಡಿಯಿತು. ಗುರುಬಸಮ್ಮ ನಗಲಿಲ್ಲ. ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದಳು. "ಪರೀಕ್ಷಾ ಮಾಡೂಣು. ಅಮ್ಮ ಬಂದಿದ್ರ ವಿಭೂತಿ ಹಚ್ಚಿದಲ್ಲಿ ತಣ್ಣಗ ಆಗ್ತದ, ಇಲ್ಲಂದ್ರ ಉರೀತದ. ಬಾ ಇಲ್ಲಿ."

ಹುಟ್ಟಿದಾಗಿನಿಂದ ದೊಡ್ಡಪ್ಪ ವಿಭೂತಿ ಬೇಡವೆಂದವನಲ್ಲ. ಹಣೆ ಒಡ್ಡಿದ. ಮುದುಕಿ ಮೂರು ಬೆರಳಿಗೆ ದಟ್ಟವಾಗಿ ತೀಡಿಕೊಂಡು, ಎಡದಿಂದ ಬಲಕ್ಕೆ, ನಿಧಾನವಾಗಿ, ಒತ್ತಿ ಎಳೆದಳು. ಸುಲಿದ ಹಣೆಗೆ ಒಣ ಬೂದಿ!

ದೊಡ್ಡಪ್ಪ ನಿಂತಲ್ಲಿಂದ ನೇರ ಮೇಲಕ್ಕೆ ಹೋದ. "ಯಪ್ಪಾ ಸತ್ನೋ!" ಎಂಬ ಘೋಷ ದೂರದ ಗೊಬ್ಬೂರಿನವರೆಗೆ ಕೇಳಿರಬೇಕು. ಪಡಸಾಲೆಯನ್ನು ಎರಡು ಸುತ್ತು ಹಾಕಿ, ಬೀಗರಿಗೆಂದು ಇಟ್ಟಿದ್ದ ಮಜ್ಜಿಗೆಯ ಹಂಡೆಯಲ್ಲಿ ಮುಖ ಅದ್ದಿ ನಿಂತ.

"ಅಮ್ಮ ಅಲ್ಲ" ಎಂದು ಗುರುಬಸಮ್ಮ ತೀರ್ಪು ಕೊಟ್ಟಳು. "ಬರೇ ಮೂರ್ಖತನ. ಅದು ಮನ್ಯಾಗಿದ್ರ ಶುಭಕಾರ್ಯಕ್ಕ ಅಡ್ಡಿಲ್ಲ. ಅಡ್ಡಿ ಇದ್ದಿದ್ರ ನಮ್ಮ ಕಡೆ ಒಂದು ಮದುವೀನೂ ಆಗ್ತಿರಲಿಲ್ಲ. ಸುರು ಮಾಡ್ರಿ."

ಆಮೇಲಿನ ನಗೆಗೆ ಮಾಳಿಗೆ ಹಾರಿಹೋಗುವುದೊಂದು ಬಾಕಿ. ಪರಮೇಶ ನಕ್ಕ, ಜಯಮಾಲಾ ಕಣ್ಣೊರೆಸಿಕೊಂಡು ನಕ್ಕಳು, ಉಡಿ ತುಂಬಿದರು, ಉಂಗುರ ತೊಡಿಸಿದರು. ಕೊನೆಗೆ ಯಾದಿ ಬರೆಯುವ ಹೊತ್ತು. ಮದುವೆ ಎಂದು, ಎಲ್ಲಿ, ಯಾರು ಏನು ನೋಡಿಕೊಳ್ಳಬೇಕು ಎಂಬುದನ್ನೆಲ್ಲ ಹಿರಿಯರ ಎದುರು ಕಾಗದಕ್ಕಿಳಿಸಿ ಎರಡೂ ಕಡೆಯವರು ಸಹಿ ಹಾಕುವ ಪದ್ಧತಿ ಅದು. ಓಣಿಯ ಹಿರಿಯ ಬೀರಲಿಂಗಪ್ಪ ಮುತ್ತಿನಂಥ ಅಕ್ಷರದಲ್ಲಿ ಬರೆದು ಓದಿದ. ಮಂಟಪ ಹೆಣ್ಣಿನವರದು, ಬಾಜಾ ಗಂಡಿನವರದು. ಮುಗಿಯಿತು ಎನ್ನುವಷ್ಟರಲ್ಲಿ ಗುರುಬಸಮ್ಮ ಕೋಲು ಕುಟ್ಟಿದಳು.

"ನಮ್ಮದೊಂದು ಕರಾರು ಬಾಕಿ ಅದ. ಬರಕೋ."

ಮಜ್ಜಿಗೆ ತೊಟ್ಟಿಕ್ಕುತ್ತಿದ್ದ ದೊಡ್ಡಪ್ಪ ಮನಸ್ಸಿನಲ್ಲೇ ಬಂಗಾರದ ತೊಲಗಳ ಲೆಕ್ಕ ಹಾಕಿದ. ಮುದುಕಿ ಬೀರಲಿಂಗಪ್ಪನ ಕಿವಿಯಲ್ಲಿ ಹೇಳಿದಳು. ಅವನು ಬರೆದು, ಗಂಟಲು ಸರಿಪಡಿಸಿಕೊಂಡು ಓದಿದ: "ಹೆಣ್ಣಿನ ತಂದೆಯವರು ಮದುವೆ ಮುಗಿಯುವ ತನಕ ತಮ್ಮ ಮುಖವನ್ನು ತಾವಾಗಿ ತಿಕ್ಕತಕ್ಕದ್ದಲ್ಲ, ಒಣಗಿಸತಕ್ಕದ್ದಲ್ಲ. ಸದರಿ ಮುಖದ ಸಂಪೂರ್ಣ ಉಸ್ತುವಾರಿ ಹೆಣ್ಣಿನ ತಾಯಿಯವರದು."

ಅನೀಲಕುಮಾರ ಎಲ್ಲರಿಗಿಂತ ಮೊದಲು ಸಹಿ ಹಾಕಿದ. ಐವರು ಹಿರಿಯರು ಹಾಕಿದರು. ಕಾಗದ ಕಸ್ತೂರಿಬಾಯಿಯ ಕೈಗೆ ಬಂತು. ಅವಳು ಎರಡು ಸಲ ಓದಿ, ತಿರುಗಿ ಬೀರಲಿಂಗಪ್ಪನ ಕೈಗಿಟ್ಟಳು.

"ಕಾಕಾ, 'ಸದರಿ ಮುಖ' ಅಂತಷ್ಟ ಯಾಕ ಬರದೀರಿ? ಬಾಕಿ ಮನಷಾನ್ನ ಯಾರಿಗಿ ಬಿಟ್ರಿ?"

"ಅದೂ ಬರಾಬರ" ಎಂದರು ಹಿರಿಯರು. ಬೀರಲಿಂಗಪ್ಪ ತನ್ನ ಮುತ್ತಿನಂಥ ಅಕ್ಷರದ 'ಮುಖದ' ಎಂಬುದನ್ನು ಹೊಡೆದುಹಾಕಿ, ಮೇಲೆ 'ಮನುಷ್ಯನ' ಎಂದು ಬರೆದ. 'ಮದುವೆ ಮುಗಿಯುವ ತನಕ' ಎಂಬುದನ್ನೂ ಕಸ್ತೂರಿಬಾಯಿ ಕಣ್ಣಿನಲ್ಲೇ ತೋರಿಸಿದಳು, ಅದೂ ಹೋಯಿತು.

ಈ ತಿದ್ದುಪಡಿಗೆ ಹೆಣ್ಣಿನ ತಂದೆಯ ಒಪ್ಪಿಗೆ ಇದೆಯೇ ಎಂದು ಯಾರೂ ಕೇಳಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಅವನ ಕೈಗೆ ಕೊಟ್ಟರು.