ಎರಡು ತಾಲೂಕಿನ ಕೆಂಪು ಪಟ್ಟಿ

ಆಸ್ಪತ್ರೆಯಲ್ಲಿ ಕೆಲಸ ಮಾಡೋರು ನಗೋದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನಗು ತಾನೇ ಚೀಟಿ ಮಾಡಿಸ್ಕೊಂಡು ಒಳಗೆ ಬರುತ್ತೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೊಳಕಾಲ್ಮೂರು ಕಡೆ ನರ್ಸ್ ಆಗಿದ್ದೆ. ನಮ್ಮ ಆಸ್ಪತ್ರೆಯವರೂ ಚಳ್ಳಕೆರೆ ಕಡೆಯ ಆಸ್ಪತ್ರೆಯವರೂ ಒಟ್ಟಿಗೆ ಕೂತು ಒಂದು ತೀರ್ಮಾನ ಮಾಡಿದ್ವಿ. ಯಾರಿಗೆ ಯಾವ ಔಷಧಿ ಒಗ್ಗಲ್ವೋ, ಅವರ ಕೈಗೆ ಕೆಂಪು ಬಟ್ಟೆ ಪಟ್ಟಿ ಕಟ್ಟಿ, ಅದರ ಮೇಲೆ ಔಷಧಿಯ ಹೆಸರು ಬರೆಯೋದು. ರೋಗಿ ಎರಡರಲ್ಲಿ ಯಾವ ಆಸ್ಪತ್ರೆಗೆ ಹೋದ್ರೂ ಅದು ಗೊತ್ತಾಗಬೇಕು. ಜೊತೆಗೆ, ಪ್ರತಿ ಇಂಜೆಕ್ಷನ್ನಿಗೂ ಮುಂಚೆ ಹೆಸರು ಕೇಳಬೇಕು, ಒಗ್ಗದ ಔಷಧಿ ಇದೆಯಾ ಅಂತ ಕೇಳಬೇಕು. ಯಾರೂ ಹೇಳದೆ ನಾವೇ ಮಾಡ್ಕೊಂಡ ನಿಯಮ ಅಂತ ನಮಗೆ ಒಳ್ಳೇ ಜಂಬ.

ಹೆಸರೇನಜ್ಜಿ?

ದೇವಸಮುದ್ರದ ಅಜ್ಜಿಯೊಬ್ಬರು ಜ್ವರ ಅಂತ ಸೇರಿದ್ರು. ಬೆಳಗ್ಗೆ ಹೆಸರು ಕೇಳಿದೆ, ಹೇಳಿದ್ರು. ಮಧ್ಯಾಹ್ನ ಕೇಳಿದೆ, ಹೇಳಿದ್ರು. ಸಂಜೆ ಸೂಜಿ ಹಿಡ್ಕೊಂಡು ಹೋಗಿ ಮತ್ತೆ "ಹೆಸರೇನಜ್ಜಿ?" ಅಂದೆ.

ಅಜ್ಜಿ ಪಕ್ಕದ ಮಂಚದವಳ ಕಡೆ ತಿರುಗಿ, "ಪಾಪ, ಈ ವಯಸ್ಸಿಗೇ ಮರೆವು ಹಿಡಿದೈತೆ. ಮೊದ್ಲು ಆ ಸೂಜಿನ ಇವಳಿಗೇ ಚುಚ್ಚಿಸ್ರಿ" ಅಂದ್ರು.

ನಮ್ಮೋರಿಗೂ ಒಂದು

ರಾಂಪುರದ ಹೆಂಗಸೊಬ್ಬಳು ಜಗಳಕ್ಕೇ ಬಂದಳು. ಸಿಟ್ಟು ಬಂದರೆ ಅರ್ಧ ತೆಲುಗು. "ಆ ಮಂಚದೋನಿಗೆ ಕೆಂಪು ಪಟ್ಟಿ ಕಟ್ಟೀರಿ. ಮಾ ಆಯನಕಿ ಯಾಕಿಲ್ಲ? ನನ್ನ ಗಂಡ ಏನು ಕಡಿಮೆನಾ?"

"ಅವರಿಗೆ ಒಂದು ಔಷಧಿ ಒಗ್ಗಲ್ಲಮ್ಮ. ನಿಮ್ಮೋರಿಗೆ ಎಲ್ಲಾ ಒಗ್ಗುತ್ತೆ" ಅಂದೆ.

"ನಿಮಗೇನ್ ಗೊತ್ತು? ಅವರಿಗೆ ನಾನೇ ಒಗ್ಗಲ್ಲ. ಅದನ್ನೇ ಬರೆದು ಕಟ್ರಿ" ಅಂದಳು.

ಚಳ್ಳಕೆರೆಯಿಂದ ಫೋನು

ನಮ್ಮಲ್ಲಿ ಒಬ್ಬ ಕುರಿ ಕಾಯೋ ಯಜಮಾನರು ಇದ್ರು. ಪೆನಿಸಿಲಿನ್ ಪರೀಕ್ಷೆಗೆ ಅಂತ ಒಂದು ಹನಿ ಕೊಟ್ಟಿದ್ದಕ್ಕೇ ಉಸಿರು ಕಟ್ಟಿ, ಹೇಗೋ ಉಳ್ಕೊಂಡ್ರು. ಮನೆಗೆ ಕಳಿಸೋವಾಗ ಕೆಂಪು ಪಟ್ಟಿ ಕಟ್ಟಿ, "ಇದನ್ನ ಬಿಚ್ಚಬೇಡ್ರಿ, ಆ ಔಷಧಿ ಇನ್ನೊಂದು ಸಲ ಒಳಗೆ ಹೋದ್ರೆ ಜೀವ ಹೋಗುತ್ತೆ" ಅಂತ ಹೇಳಿ ಕಳಿಸಿದೆ.

ಕೆಲವು ತಿಂಗಳಾದ ಮೇಲೆ ಅವರು ದೊಡ್ಡಉಳ್ಳಾರ್ತಿ ಕಾವಲ್ ಕಡೆ ಕುರಿ ಮೇಯಿಸ್ತಿದ್ದಾಗ ಕಾಲಿನ ಗಾಯ ಕೀವಾಗಿ, ಮೈ ಕೆಂಡವಾಯ್ತು. ಹೆಂಡತಿ ಲಗೇಜ್ ಆಟೋದಲ್ಲಿ ಚಳ್ಳಕೆರೆ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಅಲ್ಲಿಗೆ ಮುಟ್ಟೋ ಹೊತ್ತಿಗೆ ಯಜಮಾನರಿಗೆ ಮಾತಾಡೋ ಸ್ಥಿತಿ ಇರಲಿಲ್ಲ. ಕೈಯಲ್ಲಿ ಪಟ್ಟಿನೂ ಇರಲಿಲ್ಲ. ಅಲ್ಲಿನ ಸಿಸ್ಟರ್ ಪೆನಿಸಿಲಿನ್ ಕೈಗೆ ತಗೊಂಡವರು, ನಿಯಮ ಅಲ್ವಾ ಅಂತ ಹೆಂಡತಿಯನ್ನ ಕೇಳಿದ್ರು, "ಇವರಿಗೆ ಒಗ್ಗದ ಔಷಧಿ ಏನಾದ್ರೂ ಐತೇನಮ್ಮ?"

"ಐತವ್ವ. ಹೆಸರು ಗೊತ್ತಿಲ್ಲ. ಟಗರಿನ ಕೊರಳಾಗೆ ಬರೆದೈತೆ."

ಸಿಸ್ಟರ್ ಔಷಧಿ ಕೆಳಗಿಟ್ರು. "ಟಗರಿಗೆ ಯಾಕೆ ಕಟ್ಟಿದ್ರಿ?"

"ಜೀವ ಕಾಯ್ತೈತೆ ಅಂತ ಆ ಸಿಸ್ಟರಮ್ಮ ಕಟ್ಟಿದ್ರಂತೆ. ನನಗಿಂತ ಅದಕ್ಕೇ ದೃಷ್ಟಿ ತಾಗೋದು ಜಾಸ್ತಿ ಅಂತ ಇವರು ಅದಕ್ಕೆ ಕಟ್ಟಿದ್ರು. ಅದನ್ನ ಬಿಟ್ಟು ಆಟೋ ಹತ್ತಲ್ಲ ಅಂದ್ರು. ಹೊರಗೆ ಬೇವಿನ ಮರಕ್ಕೆ ಕಟ್ಟೀನಿ, ನೋಡ್ರಿ."

ಟಗರು ಯಾರನ್ನೂ ಹತ್ತಿರ ಬಿಡಲಿಲ್ಲ. ಕಾಂಪೌಂಡರ್ ಒಂದು ಸಲ ಗುದ್ದಿಸ್ಕೊಂಡು ಗೇಟಿನ ತನಕ ಓಡಿದ್ರು. ಕೊನೆಗೆ ಡಾಕ್ಟ್ರೇ ಎರಡೂ ಕೊಂಬು ಹಿಡ್ಕೊಂಡ್ರು, ಸಿಸ್ಟರ್ ಬಗ್ಗಿ ಓದಿದ್ರು. ಬೇರೆ ಔಷಧಿ ಕೊಟ್ರು, ಯಜಮಾನರು ಬದುಕಿದ್ರು.

ಆ ಸಿಸ್ಟರ್ ಫೋನಿನಲ್ಲಿ ಹೇಳಿದ್ದನ್ನೆಲ್ಲ ಕೇಳಿ ನನಗೆ ಕಣ್ಣು ತುಂಬಿ ಬಂತು. ಎಲ್ಲಿಯ ನಮ್ಮ ಪಟ್ಟಿ, ಎಲ್ಲಿಯ ಅವರ ಪ್ರಶ್ನೆ, ಎರಡೂ ಸೇರಿ ಒಂದು ಜೀವ ಉಳಿಸಿದ್ವಲ್ಲ ಅಂತ ಎದೆ ಉಬ್ಬಿತು. "ನಿಮ್ಮ ಉಪಕಾರ ಮರೆಯಲ್ಲ ಸಿಸ್ಟರ್" ಅಂದೆ.

"ಅದಿರಲಿ. ಈಗ ನಮ್ಮ ಡಾಕ್ಟ್ರು ಟಗರಿಗೆ ಹೊಸ ಪಟ್ಟಿ ಕಟ್ಟಿಸಿದಾರೆ" ಅಂದ್ರು.

"ಅದಕ್ಕೆ ಯಾವ ಔಷಧಿ ಒಗ್ಗಲ್ವಂತೆ?"

"ಕಾಂಪೌಂಡರ್ ಒಗ್ಗಲ್ಲ ಅಂತ ಬರೆಸಿದಾರೆ."